ಟಿಕೆಟ್ಟಿನ ದಪ್ಪದಷ್ಟು ಸಂದು

ನಮ್ಮ ಹಳೆಯ ಕಾರಿನಲ್ಲಿ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಎರಡು ಪುಟ್ಟ ಲೋಹದ ತುಟಿಗಳಿವೆ. ಎಂಜಿನ್ ತಿರುಗಿದಂತೆ ಅವು ಕೂಡುತ್ತವೆ, ಬಿಡುತ್ತವೆ. ಬಿಟ್ಟಾಗಲೆಲ್ಲ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪಾಯಿಂಟ್ ಅನ್ನುತ್ತಾರೆ ಅದಕ್ಕೆ. ಮಾನ್ವಿಯ ನಮ್ಮ ಮೆಕ್ಯಾನಿಕ್ ಚಾಚಾ ಆ ತುಟಿಗಳ ನಡುವಿನ ಸಂದನ್ನು ಬಸ್ ಟಿಕೆಟ್ ಮಡಚಿ ಅಳೆಯುತ್ತಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಆಧಾರವನ್ನೇ ಮೊದಲು ಕೆಡವಲು ಕಲಿತಿದ್ದ ನನಗೆ ಇದನ್ನು ಸಹಿಸಲಾಗಲಿಲ್ಲ.

“ಚಾಚಾ, ದೇವದುರ್ಗದ ಟಿಕೆಟ್ಟು, ರಾಯಚೂರಿನ ಟಿಕೆಟ್ಟು ಎರಡೂ ಒಂದೇ ದಪ್ಪ ಅಂತ ಯಾರು ಹೇಳ್ಯಾರ?”

“ಎಂಜಿನ್ ಹೇಳ್ತದ ಬೇಟಿ. ನೀ ಸುಮ್ನಾದ್ರ ಕೇಳಸ್ತದ.”

ನಾನು ಸುಮ್ಮನಾಗಲಿಲ್ಲ. ತೆಳು ಉಕ್ಕಿನ ಪಟ್ಟಿಗಳ ಗೇಜು ತರಿಸಿ, ಒಂದು ಭಾನುವಾರ ಸಂದನ್ನು ನಾನೇ ಹೊಂದಿಸಿದೆ. ಕಾರು ಸ್ಟಾರ್ಟ್ ಆಯಿತು. ಗೆದ್ದೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಅವ್ವನಿಗೆ ದಮ್ಮು ಏರಿತು. ಇನ್ಹೇಲರ್ ಎಳೆದರೂ ಇಳಿಯಲಿಲ್ಲ. ಆಂಬುಲೆನ್ಸ್ ಬೇರೆ ಊರಿಗೆ ಹೋಗಿತ್ತು. ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ರಾಯಚೂರಿನ ದಾರಿ ಹಿಡಿದೆ. ವೇಗ ಏರಿಸಿದಾಗಲೆಲ್ಲ ಎಂಜಿನ್ ಬಿಕ್ಕಳಿಸಿತು. ಎರಡೂ ಕಡೆ ಬರೀ ಭತ್ತದ ಗದ್ದೆ ಇರುವಲ್ಲಿ ನಿಂತೇಬಿಟ್ಟಿತು. ಸದ್ದು ಅಡಗಿದ ಮೇಲೆ ಅವ್ವನ ಎದೆಯ ಸಿಳ್ಳು ಮಾತ್ರ ಕೇಳುತ್ತಿತ್ತು. ಕೈ ಮಾಡಿದರೆ ಎರಡು ಗಾಡಿ ನಿಲ್ಲದೆ ಹೋದವು. ಚಾಚಾಗೆ ಫೋನ್ ಹಚ್ಚಿ, ಗೇಜು ಹಾಕಿ ಸಂದು ಹೊಂದಿಸಿದ್ದನ್ನು ಹೇಳಿದೆ.

“ಗೇಜು ಹಾಕ್ದಾಗ ಪಾಯಿಂಟ್ ಎಷ್ಟು ತೆರದಿತ್ತು?”

“ಅದನ್ನ ನೋಡಿಲ್ರೀ.”

“ಪೂರಾ ತೆರದಾಗ ಅಳೀಬೇಕು. ಅರ್ಧ ಬಾಯಿ ತೆರದಾಗ ಹಲ್ಲು ಎಣಿಸಿದ್ರ ಹ್ಯಾಂಗ? ಈಗ ಕೀ ಬಂದ್ ಮಾಡು, ಟಾಪ್ ಗೇರ್ ಹಾಕು, ಗಾಡಿ ಇಷ್ಟಿಷ್ಟೇ ನೂಕು. ಪೂರಾ ತೆರೀತಂದ್ರ ನಿಲ್ಸು. ಟಿಕೆಟ್ ಅದ ಏನು?”

ಗೇಜು ಮನೆಯಲ್ಲಿತ್ತು. ಅವ್ವ ಮಾತಾಡಲಾರದೆ ಸೊಂಟದ ಚೀಲದಿಂದ ಒಂದು ಹಳೇ ಟಿಕೆಟ್ ತೆಗೆದು ಚಾಚಿದಳು. ಅವಳ ಉಗುರುಗಳು ನೀಲಿಗಟ್ಟಿದ್ದವು.

ಬಾನೆಟ್ಟು ಎತ್ತಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದೆ. ಬಾಗಿಲ ಕಂಬಕ್ಕೆ ಹೆಗಲು ಕೊಟ್ಟು ನೂಕುವುದು, ಬಾನೆಟ್ಟಿಗೆ ಓಡಿ ನೋಡುವುದು. ಮತ್ತೆ ನೂಕುವುದು. ಪ್ರತಿ ಸಲ ಓಡುವಾಗಲೂ ಗಾಜಿನೊಳಗೆ ಅವಳ ಎದೆ ಏರಿಳಿಯುತ್ತಿದೆಯೇ ಎಂದು ಮೊದಲು ನೋಡುತ್ತಿದ್ದೆ. ತುಟಿಗಳು ಪೂರ್ತಿ ತೆರೆದಾಗ ಕಂಡ ಸಂದು ಟಿಕೆಟ್ಟಿನ ಮಡಿಕೆಯ ಎರಡರಷ್ಟಿತ್ತು. ಸ್ಕ್ರೂ ಸಡಿಲಿಸಿ, ಟಿಕೆಟ್ ತಾಗಿಯೂ ತಾಗದಂತೆ ಜಾರುವವರೆಗೆ ತುಟಿಗಳನ್ನು ಹತ್ತಿರ ತಂದು ಬಿಗಿದೆ. ಮುಚ್ಚಳ ಮರಳಿ ಕೂರಿಸಿದೆ. ಕೀ ತಿರುಗಿಸುವಾಗ ಕಣ್ಣು ಮುಚ್ಚಿಕೊಂಡಿದ್ದೆ. ಯಾವುದನ್ನೂ ನಂಬದ ನಾನು ಆಗ ಏನೇನನ್ನೋ ಬೇಡಿಕೊಂಡೆ, ಯಾರನ್ನು ಎಂದು ಗೊತ್ತಿಲ್ಲ.

ಎಂಜಿನ್ ಹಿಡಿಯಿತು. ರಾಯಚೂರು ಮುಟ್ಟುವವರೆಗೆ ಒಮ್ಮೆಯೂ ಬಿಕ್ಕಳಿಸಲಿಲ್ಲ.

ಆಸ್ಪತ್ರೆಯಲ್ಲಿ ಅವ್ವನಿಗೆ ಮಾಸ್ಕ್ ಹಾಕಿ ಔಷಧದ ಹಬೆ ಕೊಟ್ಟರು. ಮುಕ್ಕಾಲು ಗಂಟೆಯ ನಂತರ ಡಾಕ್ಟರ್ ನನ್ನತ್ತ ತಿರುಗಿದರು. “ಇಷ್ಟ್ಯಾಕ ತಡ ಮಾಡಿದ್ರಿ?”

“ಹಳೇ ಗಾಡಿ ನೋಡ್ರಿ, ದಾರ್ಯಾಗ ಕೆಟ್ಟು ನಿಂತಿತ್ತು,” ಅಂದೆ.

ಅವ್ವ ಮಾಸ್ಕನ್ನು ಒಂದಿಷ್ಟು ಎತ್ತಿದಳು. ಉಸಿರು ಇನ್ನೂ ತುಂಡುತುಂಡಾಗಿತ್ತು.

“ಗಾಡಿ ಕೆಟ್ಟಿದ್ದಿಲ್ರೀ ಸಾಹೇಬ್ರ. ಈಕೀನ ಬಿಚ್ಚಿದ್ಲು.”