ಮಾಸ್ಕಿನ ಮೇಲಿನ ಕಣ್ಣುಗಳು

ಮೊನ್ನೆ ನಾನಿರುವ ಪರದೇಶದ ಊರು ಗಾಲ್ವೇಯಲ್ಲಿ, ಔಷಧಿ ಅಂಗಡಿಯ ಸರದಿಗೆ ನಿಂತಿದ್ದಾಗ, ಮುಂದೆ ನಿಂತ ಹುಡುಗಿಯ ಕಡೆಯಿಂದ ಅಕ್ಕಿ ತೊಳೆದ ನೀರಿನಂಥ ತೆಳು ವಾಸನೆ ಬಂತು. ಯಾವುದೋ ಕೊರಿಯಾದ ಕ್ರೀಮು. ನಿಮಗೂ ಹೀಗಾಗಿರಬಹುದು, ತಲೆ ಮರೆತದ್ದನ್ನು ಮೂಗು ಎತ್ತಿ ಕೊಡುತ್ತದೆ. ಏನು ಕೊಳ್ಳಲು ಬಂದೆನೆಂಬುದೇ ಮರೆತು, ಲಾಕ್‌ಡೌನಿನಲ್ಲಿ ನಾನಿದ್ದ ಬಾಡಿಗೆ ಮನೆಗೆ ಹೋಗಿಬಿಟ್ಟಿದ್ದೆ.

ಆ ಮನೆಯಲ್ಲಿದ್ದ ಬೇರೆಯವರೆಲ್ಲ ಊರು ಸೇರಿ, ಉಳಿದವರು ಇಬ್ಬರೇ. ಪಾರ್ಕ್‌ಮೋರ್‌ನಲ್ಲಿ ವೈದ್ಯಕೀಯ ಉಪಕರಣ ಮಾಡುವ ಕಂಪನಿಗೆ ಹೋಗುತ್ತಿದ್ದ ನಾನು, ಮತ್ತು ಮಾಸ್ಟರ್ಸ್ ಓದಲು ದಕ್ಷಿಣ ಕೊರಿಯಾದಿಂದ ಬಂದಿದ್ದ ಮಿಂಜಿ. ನನ್ನನ್ನು 'ಒನ್ನಿ' ಎನ್ನುತ್ತಿದ್ದಳು. ಅವರಲ್ಲಿ ಹಾಗೆಂದರೆ ಅಕ್ಕ. ರಜೆಯ ದಿನ ನಾನು ನೈಟಿಯ ಮೇಲೊಂದು ಸ್ವೆಟರ್ ಏರಿಸಿ, ತಲೆಗೆ ಎಣ್ಣೆ ಬಳಿದುಕೊಂಡು ಓಡಾಡುತ್ತಿದ್ದರೆ, ಅವಳು ಅಡುಗೆಮನೆಗೆ ಬರುವುದೂ ಆ ಕ್ರೀಮು ಹಚ್ಚಿ, ಬಣ್ಣ ಬಳಿದು, ಮದುವೆಮನೆಗೆ ಬಂದ ಹಾಗೆ. ಬಾಗಿಲು ತಟ್ಟುವವರೂ ಇಲ್ಲದ ಕಾಲದಲ್ಲಿ ಇದೆಲ್ಲ ಯಾರಿಗಾಗಿ ಎಂದು ಒಮ್ಮೆ ಕೇಳಿದ್ದೆ. ಇಲ್ಲದಿದ್ದರೆ ಮೈಮೇಲೆ ಬಟ್ಟೆಯಿಲ್ಲದ ಹಾಗನ್ನಿಸುತ್ತೆ ಎಂದಿದ್ದಳು. ನಾನು ನಕ್ಕಿದ್ದೆ.

ಒಂದು ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಯಾರೋ ಹುಡುಗ ಒಳಗೆ ಬಂದ. ನನ್ನ ಕೈಯ ಸೌಟು ಕೆಳಗೆ ಬಿತ್ತು. ನೋಡಿದರೆ ಮಿಂಜಿ. ಸೊಂಟ ಮುಟ್ಟುತ್ತಿದ್ದ ಕೂದಲು ಕಿವಿಯ ಮೇಲಕ್ಕೆ ಹೋಗಿತ್ತು. ಮುಖದಲ್ಲಿ ಬಣ್ಣವಿಲ್ಲ, ಕೆನ್ನೆಯ ಮೇಲೆ ನಾನು ಒಂದು ದಿನವೂ ಕಾಣದ ಮೊಡವೆಯ ಕಲೆಗಳು.

"ಹಿಂದುಗಡೆ ಕೈ ಎಟುಕಲಿಲ್ಲ ಒನ್ನಿ, ಸ್ವಲ್ಪ ಸರಿ ಮಾಡಿಕೊಡ್ತೀಯಾ?"

ನಾನು ಕತ್ತರಿ ಹಿಡಿದೆ. ಅವಳು ಹೇಳುತ್ತ ಹೋದಳು. ಅವಳ ದೇಶದಲ್ಲಿ ಎಷ್ಟೋ ಹುಡುಗಿಯರು, ಚೆಂದ ಕಾಣಲೇಬೇಕೆಂಬ ಒತ್ತಾಯ ಸಾಕೆಂದು, ಹೀಗೆ ಕೂದಲು ಕತ್ತರಿಸಿ, ಲಿಪ್‌ಸ್ಟಿಕ್ ಮುರಿದು, ಫೋಟೋ ಹಾಕುತ್ತಿದ್ದಾರಂತೆ. ತಾನೂ ಈಗಷ್ಟೇ ಹಾಕಿದೆ ಎಂದಳು. ಆಮೇಲೆ ಫೋನಿನಲ್ಲಿ ಶಾಲೆಯ ಸಮವಸ್ತ್ರದ ಹುಡುಗಿಯೊಬ್ಬಳ ಚಿತ್ರ ತೋರಿಸಿದಳು. ಕಿರಿದಾದ, ನಗುವ ಕಣ್ಣು. ತಂಗಿಯಾ ಎಂದು ಕೇಳಿದೆ.

"ನಾನೇ. ಕಾಲೇಜು ಪ್ರವೇಶ ಪರೀಕ್ಷೆ ಮುಗಿದ ಮೇಲೆ ಅಮ್ಮ ಉಡುಗೊರೆ ಅಂತ ಕಣ್ಣು ದೊಡ್ಡದು ಮಾಡೋ ಆಪರೇಷನ್ ಮಾಡಿಸಿದಳು. ಈ ಫೋಟೋದಲ್ಲಿರೋದು ನನ್ನ ಅಜ್ಜಿಯ ಕಣ್ಣು. ಈಗ ಮಾಸ್ಕ್ ಹಾಕಿದರೆ ಜನಕ್ಕೆ ಕಾಣೋದು ನನ್ನದಲ್ಲದ ಭಾಗ ಮಾತ್ರ."

ನನ್ನ ಕತ್ತರಿ ನಿಂತುಹೋಯಿತು. ದಾವಣಗೆರೆಯ ನಮ್ಮ ಮನೆಯಲ್ಲೂ ಚಿಕ್ಕಂದಿನಲ್ಲಿ ಸೋದರತ್ತೆ ನನ್ನ ಮುಖಕ್ಕೆ ಕಡಲೆಹಿಟ್ಟು ತಿಕ್ಕಿ ತಿಕ್ಕಿ ಬೆಳ್ಳಗಾಗಿಸಲು ನೋಡಿದವರೇ. ಆದರೂ ಮಗುವಿನ ಕಣ್ಣಿಗೆ ಚಾಕು, ಅದೂ ಉಡುಗೊರೆಯಾಗಿ!

ಅದಕ್ಕಿಂತ ದೊಡ್ಡ ಪೆಟ್ಟು ಸಂಜೆಯ ಹೊತ್ತಿಗೆ ಬಂತು. ಅವಳ ಚಿತ್ರದ ಕೆಳಗೆ ಅವಳ ದೇಶದ ಅಪರಿಚಿತರು ಬರೆದದ್ದನ್ನು ಒಂದೆರಡು ಓದಿ ಇಂಗ್ಲಿಷಿನಲ್ಲಿ ಹೇಳಿದಳು. ನಾನಿಲ್ಲಿ ಬರೆಯಲಾರೆ. ಯಾಕೆ ಹೀಗಾದೆ ಎಂದು ಶುರುವಾಗುತ್ತಿದ್ದವು; ಸಾಯಿ ಎಂಬುದು ಅವುಗಳಲ್ಲಿ ಮೆದುವಾದದ್ದು. ಕೂದಲು ಕತ್ತರಿಸಿದ್ದಕ್ಕೆ, ಅಷ್ಟಕ್ಕೆ. ಈ ತಲೆ ಹೊತ್ತು ಮನೆಗೆ ಬರಬೇಡ ಎಂದು ಅಮ್ಮ ಫೋನಿಟ್ಟರಂತೆ. ಆಮೇಲೆ ಮಿಂಜಿ ಮಹಡಿಯ ತನ್ನ ಕೋಣೆಯಿಂದ ಕೆಳಗಿಳಿಯುವುದನ್ನೇ ಬಿಟ್ಟಳು. ನಾನು ಬಾಗಿಲಲ್ಲಿಟ್ಟ ತಟ್ಟೆ ಹಾಗೇ ತಣ್ಣಗಾಗಿರುತ್ತಿತ್ತು. ಕೆಲಸದಿಂದ ಬಂದವಳೇ ಮೊದಲು ಮೆಟ್ಟಿಲ ಬಳಿ ನಿಂತು, ಮೇಲೆ ಏನಾದರೂ ಸದ್ದಿದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದೆ. ಅಷ್ಟು ಹೆದರಿಕೆ.

ಕೆಲವು ವಾರಗಳ ಮೇಲೆ ಅಜ್ಜಿ ಹಟ ಹಿಡಿದು ವಿಡಿಯೋ ಕಾಲ್ ಮಾಡಿಸಿದರು. ಮಿಂಜಿ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಆ ಕಡೆ ಫೋನ್ ಹಿಡಿದಿದ್ದವರು ಅಮ್ಮನೇ. ಮುಖ ಮಾತ್ರ ತೋರಿಸಲಿಲ್ಲ. ಅಜ್ಜಿ ಕಣ್ಣು ಕಿರಿದು ಮಾಡಿ ಮೊಮ್ಮಗಳನ್ನು ಬಹಳ ಹೊತ್ತು ನೋಡಿ, ಕೈಸನ್ನೆಯಿಂದ ತಲೆ ತಿರುಗಿಸಲು ಹೇಳಿ, ಏನೋ ಅಂದರು. ಮಿಂಜಿ ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ನನಗೆ ಅರ್ಥ ಹೇಳಿದಳು: "ನನ್ನ ಹಾಗೇ ಇದ್ದೀಯ. ಹಿಂದುಗಡೆ ಮಾತ್ರ ಯಾರೋ ಕೆಟ್ಟದಾಗಿ ಕತ್ತರಿಸಿದ್ದಾರೆ." ಅಷ್ಟರಲ್ಲಿ ಫೋನಿನ ಹಿಂದಿನಿಂದ ಅಮ್ಮನ ದನಿ ಬಂತು. ಗಾಲ್ವೇಯಲ್ಲಿ ಚಳಿಯಂತೆ, ಟೋಪಿ ಹಾಕಿಕೋ ಅನ್ನುತ್ತಿದ್ದರಂತೆ.

ಓದು ಮುಗಿಸಿ ಅವಳು ಊರಿಗೆ ಹೋದಳು. ನಾನು ಅವಳ ಕತೆಯನ್ನು ಕಂಡಕಂಡವರಿಗೆ ಹೇಳುತ್ತ, ಹೇಳಿದಷ್ಟೂ ಅವಳ ಕೂದಲನ್ನು ಇನ್ನಷ್ಟು ಗಿಡ್ಡ ಮಾಡುತ್ತ ಬಂದೆ.

ಮೊನ್ನೆ ಅಂಗಡಿಯಿಂದ ಬರಿಗೈಯಲ್ಲಿ ಮನೆಗೆ ಬಂದು, ಎಷ್ಟೋ ಕಾಲದ ಮೇಲೆ ಅವಳಿಗೆ ಮೆಸೇಜ್ ಹಾಕಿದೆ. ಉತ್ತರವಾಗಿ ಫೋಟೋ ಬಂತು. ನಾನು ಕುರ್ಚಿಯಲ್ಲೇ ದಂಗಾದೆ. ಉದ್ದ ಕೂದಲು, ಅದಕ್ಕೆ ನೇರಳೆ ಬಣ್ಣ, ತುಟಿಗೆ ಗಾಢ ಕೆಂಪು. ಯಾಕೆ ಹೀಗಾದೆ ಎಂದು ಬರೆದೂ ಆಯಿತು. ಕಳಿಸಿದ ಮೇಲೆ ನೋಡಿದರೆ, ಅದು ಆ ಅಪರಿಚಿತರ ಪ್ರಶ್ನೆಯೇ.

ಅವಳು ಬೇಸರಪಟ್ಟುಕೊಳ್ಳಲಿಲ್ಲ. "ಆಗ ಅದು ಬೇಕಿತ್ತು ಒನ್ನಿ, ಈಗ ಇದು ಬೇಕು. ಎರಡೂ ನಾನೇ ಆರಿಸಿಕೊಂಡದ್ದು. ಹೇಗೆ ಕಾಣ್ತೀನಿ?"

ಗ್ರಾಂಡ್ ಆಗಿದ್ದೀಯ ಅಂದೆ. ಈ ಊರಲ್ಲಿ ಎಲ್ಲದಕ್ಕೂ ಅನ್ನುವ ಮಾತು ಅದು. ಆದರೆ ಅನ್ನುವ ಮೊದಲು ಆ ಮುಖವನ್ನು, ಅಲ್ಲಿ ಇನ್ಯಾರನ್ನೂ ಹುಡುಕದೆ, ಒಂದು ಸಲ ಸರಿಯಾಗಿ ನೋಡಿದೆ.