ತೂತಿನ ಟ್ರೇ ಹೋದದ್ದೆಲ್ಲಿ?

ಹಪ್ಪಳದ ಮೇಲೂ ಸಂಶಯಪಡುವ ಮನುಷ್ಯನನ್ನು ನೋಡಿದ್ದೀರಾ? ಹೋದ ಭಾನುವಾರದಿಂದ ನಾನು ಅಂಥವನಾಗಿದ್ದೇನೆ.

ನನ್ನ ಸೋದರಮಾವನ ಮಗ ಶಿವಪ್ಪ ಇಬ್ರಾಹಿಂಪುರದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿ ಹಾಕುತ್ತಿದ್ದಾನೆ. ಕರೆಂಟಿನ ಕೇಬಲ್ ಹಾಯಿಸಲು ಕಬ್ಬಿಣದ ಟ್ರೇಗಳು ಬಂದವು. ಮೋಟರಿನ ದಪ್ಪ ಕೇಬಲ್ಲಿಗೆ ಏಣಿಯಂಥದು; ಭಾರ ತಡೆಯುತ್ತದೆ, ಗಾಳಿಯಾಡಿ ಕೇಬಲ್ ಬಿಸಿಯಾಗುವುದಿಲ್ಲ. ಸಣ್ಣ ವೈರುಗಳಿಗೆ ತಳದ ತುಂಬ ತೂತಿರುವುದು. ಅರಳೆಯ ಎಳೆ ಹಾರುವಲ್ಲಿ ಮಾತ್ರ ತೂತೇ ಇಲ್ಲದ, ಮುಚ್ಚಳದ ಟ್ರೇ. ಅಲ್ಲೊಂದು ಕಿಡಿ ಬಿದ್ದರೆ ಗಿರಣಿಯೇ ಹೋದಂತೆ. (ತೂತಿಗೂ ಕಬ್ಬಿಣದ ರೇಟು ಹಾಕಿದ್ದೀಯಾ ಎಂದು ಕಾಂಟ್ರಾಕ್ಟರನನ್ನು ಕೇಳಿದೆ. ಅವನು ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ.)

ಗಿರಣಿಯ ಪೂಜೆಯಾದ ಮರುದಿನ ನೋಡಿದರೆ, ಅವುಗಳಲ್ಲಿ ತೂತಿನ ಟ್ರೇ ಒಂದು ಮಾಯ!

ಶಿವಪ್ಪ ವಾಚಮನ್ ಹುಸೇನಸಾಬನನ್ನು ಹಿಡಿದುಕೊಂಡ. "ಗೇಟ್ ಕಾಯಾಂವ ನೀನು. ಸೋಮವಾರದೊಳಗ ಟ್ರೇ ಬರ್ಬೇಕು. ಇಲ್ಲಾಂದ್ರ ಬ್ಯಾರೆ ಕೆಲಸ ನೋಡ್ಕೊ."

"ಅಲ್ಲಾನ ಆಣಿ, ನನಗ ಗೊತ್ತಿಲ್ರಿ ಸಾಹೇಬ್ರ. ಹೊರಗ ಹೋಗೋರ ಚೀಲ ಎಲ್ಲಾ ತಗದ ನೋಡೇನ್ರಿ."

ಹುಸೇನಸಾಬನ ಮಗಳ ಮದುವೆ ಬೇರೆ ಗೊತ್ತಾಗಿದೆ. ಆಣೆ ಹಾಕುವುದು ಕಳ್ಳನ ಲಕ್ಷಣವೋ, ಕೆಲಸ ಹೋಗುವವನ ಲಕ್ಷಣವೋ? ನನ್ನ ಕಣ್ಣು ಕಾಂಟ್ರಾಕ್ಟರನ ಮೇಲೂ ಇತ್ತು, ಚಹಾದಂಗಡಿಯವನ ಮೇಲೂ ಇತ್ತು.

ಭಾನುವಾರ ಶಿವಪ್ಪನ ಜೀಪಿನಲ್ಲಿ ತಿಕೋಟಾಕ್ಕೆ, ಅವನ ತಾಯಿಯ ಹತ್ತಿರ ಹೋದೆವು. ಹೊರಡುವಾಗ ಅತ್ತೆ ನನಗೆ ಹಪ್ಪಳ ಕಟ್ಟಿಕೊಟ್ಟರು. ನೋಡುತ್ತೇನೆ, ಪ್ರತಿ ಹಪ್ಪಳದ ಮೇಲೂ ಸಾಲು ಸಾಲಾಗಿ ಒಂದೇ ಅಳತೆಯ ತೂತಿನ ಗುರುತು!

ಸೀದಾ ಮಾಳಿಗೆ ಹತ್ತಿದೆ. ಹಿಂದೆಯೇ ಶಿವಪ್ಪ. ನಮ್ಮ ಟ್ರೇ ಇಟ್ಟಿಗೆಗಳ ಮೇಲೆ ಆರಾಮಾಗಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು, ಮೈತುಂಬ ಹಪ್ಪಳ.

"ಯವ್ವಾ, ಏನಬೇ ಇದು?"

"ಪೂಜಿ ದಿನ ನಿನ್ನ ಜೀಪಿನಾಗ, ಚಾಪಿ ತೆಳಗ ನಾನ ಇಡಿಸಿದ್ನೋ. ತೆಳಗಿಂದ ಗಾಳಿ ಆಡತೈತಿ, ಲಗೂನ ಒಣಗತಾವು. ನಮ್ಮ ಗಿರಣಿದು ನಾವ ತಂದ್ರ ಕಳವೇನು?"

ಅಂದು ಪೂಜೆ ಮುಗಿದ ಮೇಲೆ ಅತ್ತೆಯನ್ನು ಜೀಪಿನಲ್ಲಿ ಊರಿಗೆ ಬಿಟ್ಟವನು ಶಿವಪ್ಪನೇ. ಹುಸೇನಸಾಬ್ ಗೇಟು ತೆರೆದು ಸಲಾಂ ಹೊಡೆದಿದ್ದ. ಮಾಲಕರ ಜೀಪನ್ನು ಯಾವ ವಾಚಮನ್ ತಪಾಸಣೆ ಮಾಡುತ್ತಾನೆ?

ಸೋಮವಾರ ಶಿವಪ್ಪ ಗೇಟಿನಲ್ಲೇ ಜೀಪಿನ ಹಿಂದಿನ ಚಾಪೆ ಎತ್ತಿ ಟ್ರೇ ಇಳಿಸಿ "ಸಿಕ್ತು" ಅಂದ. ಅಷ್ಟೇ. ತಪ್ಪಾಯಿತು ಎಂಬ ಮಾತಿಲ್ಲ. ನನಗೆ ಮೈಯೆಲ್ಲಾ ಉರಿಯಿತು. ಹುಸೇನಸಾಬ್ ಮಾತ್ರ ಆ ಚಾಪೆಯನ್ನೇ ನೋಡುತ್ತಿದ್ದ.

ಸಂಜೆ ಜೀಪು ಗೇಟಿಗೆ ಬಂತು. ಅವನು ಎಂದಿನಂತೆ ಸಲಾಂ ಹೊಡೆದ. ಗೇಟು ತೆರೆಯಲಿಲ್ಲ.

"ಸಾಹೇಬ್ರ, ಹಿಂದಿನ ಚಾಪಿ ಒಂಚೂರು ಎತ್ತಿ ತೋರಸ್ರಿ."