ಇನ್ನೊಬ್ಬರು ಓದಬೇಕು

ಒಬ್ಬ ಸೋದರಮಾವನನ್ನು ಯಾರದೋ ಮದುವೆಗೆ ಕಳಿಸಿದ ಪಾಪ ನನ್ನ ತಲೆ ಮೇಲಿದೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ವಿಮಾನದ ಬಗ್ಗೆ ದೊಡ್ಡ ದೊಡ್ಡ ಮಾತಾಡುವವನಿದ್ದೇನೆ. ಆಗ ನೀವು ‘ಇವನ್ಯಾವ ದೊಣ್ಣೆನಾಯಕ’ ಅನ್ನಬಾರದು ನೋಡಿ.

ನಾನು ದಾವಣಗೆರೆಯಲ್ಲಿ ಲಗ್ನಪತ್ರಿಕೆ ಪ್ರಿಂಟು ಮಾಡುವವನು. ಸರಸ್ವತಿ ನಗರದಲ್ಲಿ ಮನೆ, ಮನೆಯ ಕೆಳಗೇ ಪ್ರೆಸ್ಸು. ಈ ಕಸುಬಿನಲ್ಲಿ ಯಾರೂ ಹೊಸ ಕಾರ್ಡನ್ನು ಮೊದಲಿಂದ ಟೈಪು ಮಾಡುತ್ತಾ ಕೂರುವುದಿಲ್ಲ. ಕಂಪ್ಯೂಟರಿನಲ್ಲಿ ಹಳೆಯ ಕಾರ್ಡು ತೆಗೆದು, ಹೆಸರು ಬದಲಿಸಿ, ತಾರೀಖು ಬದಲಿಸಿ ಹೊಸದು ಮಾಡುತ್ತೇವೆ. ಒಂದು ಸಲ ಎಲ್ಲ ಬದಲಾಯಿತು. ಕಲ್ಯಾಣಮಂಟಪ ಮಾತ್ರ ಹಿಂದಿನ ಗಿರಾಕಿಯದೇ ಉಳಿಯಿತು. ಮದುವೆ ದಾವಣಗೆರೆಯಲ್ಲಿ, ಕಾರ್ಡಿನಲ್ಲಿ ಹರಿಹರ! ಗಿರಾಕಿಗೂ ತೋರಿಸಿದ್ದೆ, ಅವರು ಹುಡುಗನ ಹೆಸರಿನ ಮುಂದಿನ ಡಿಗ್ರಿ ಸರಿಯಾಗಿದೆಯಾ ಅಂತಷ್ಟೇ ನೋಡಿದರು. ನಾನಂತೂ ಎರಡು ಸಲ ನೋಡಿದ್ದೆ. ನೋಡಿದ್ದೇನು ಬಂತು, ತಾನೇ ಹೊಂದಿಸಿದ್ದನ್ನು ತಾನೇ ನೋಡುವ ಕಣ್ಣು ತನಗೆ ಬೇಕಾದ್ದನ್ನು ಓದಿಕೊಂಡು ಮುಂದೆ ಹೋಗುತ್ತದೆ.

ಮಲೆಬೆನ್ನೂರಿನಿಂದ ಹೊರಟ ಹುಡುಗಿಯ ಸೋದರಮಾವ ಕಾರ್ಡು ನೋಡಿಕೊಂಡು ಹರಿಹರದಲ್ಲೇ ಬಸ್ ಇಳಿದರು. ಆ ಮಂಟಪದಲ್ಲೂ ಅವತ್ತು ಮದುವೆಯಿತ್ತು. ಬಾಗಿಲಲ್ಲಿ ಪನ್ನೀರು ಚಿಮುಕಿಸಿದರು, ‘ಬರ್ರಿ, ಕೂಡ್ರಿ’ ಅಂದರು, ಶರಬತ್ತು ಕೊಟ್ಟರು. ವಾಲಗ ಜೋರಾದಾಗ ಮಾವ ತಲೆಯೆತ್ತಿ ನೋಡಿದರೆ ಮಣೆಯ ಮೇಲೆ ಗುರುತಿಲ್ಲದ ಹುಡುಗಿ. ಎದ್ದುಬಿದ್ದು ದಾವಣಗೆರೆಗೆ ಬರುವಷ್ಟರಲ್ಲಿ ಇಲ್ಲಿ ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಕೂತಿತ್ತು. ಮರುದಿನ ಪ್ರೆಸ್ಸಿಗೆ ಬಂದರು. ಬೈಸಿಕೊಳ್ಳಲು ತಯಾರಾಗಿ ನಿಂತಿದ್ದೆ. ‘ನಿನ್ನ ಅಕ್ಷರ ನಂಬಿ ಬಸ್ ಇಳಿದ್ವಪ್ಪ’ ಅಂದರು, ಅಷ್ಟೇ. ಚಪ್ಪಲಿ ತಗೊಂಡು ಹೊಡೆದಿದ್ದರೆ ಇಷ್ಟೊತ್ತಿಗೆ ಮರೆತಿರುತ್ತಿದ್ದೆ.

ಅವತ್ತಿನಿಂದ ನಮ್ಮಲ್ಲೊಂದು ಕಟ್ಟಳೆ. ಹೊಂದಿಸಿದವನು ತಾನೇ ಪಾಸು ಮಾಡುವಂತಿಲ್ಲ. ಇನ್ನೊಬ್ಬರು ಗಿರಾಕಿಯ ಕೈಬರಹದ ಚೀಟಿ ಹಿಡಿದು ಗಟ್ಟಿಯಾಗಿ ಓದಬೇಕು; ನಾನು ಪ್ರೂಫಿನ ಮೇಲೆ ಬೆರಳಿಟ್ಟು ಸಾಲುಸಾಲಿಗೂ ‘ಹೂಂ’ ಅನ್ನಬೇಕು. ಓದುವ ಕೆಲಸ ಆಗ ಐದನೇ ಕ್ಲಾಸಿನಲ್ಲಿದ್ದ ಮಗಳು ಶೈಲಾಳ ಪಾಲಿಗೆ ಬಿತ್ತು. ಬಾಯ್ತುಂಬ ಮಂಡಕ್ಕಿ ಇಟ್ಟುಕೊಂಡೇ ಓದುವಳು. ನಾನು ‘ಹೂಂ’ ಅನ್ನದೆ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. ಅವಸರ ಮಾಡಿದೆನೋ, ‘ಅಪ್ಪಾ, ಹರಿಹರ’ ಅನ್ನುವಳು. ನಾನು ಬೆರಳನ್ನು ಮತ್ತೆ ಆ ಸಾಲಿಗೇ ತರುತ್ತಿದ್ದೆ.

ಅದೇ ಶೈಲಾ ಈಗ ವಿಮಾನ ಹಾರಿಸುತ್ತಾಳೆ, ಕ್ಯಾಪ್ಟನ್ನಿನ ಪಕ್ಕದ ಸೀಟಿನಲ್ಲಿ ಕೂತು. ಹೊರಡುವ ಮುಂಚೆ ತಾವು ಎಲ್ಲಿದ್ದೇವೆ, ಯಾವ್ಯಾವ ಗುರುತು ದಾಟಿ ಎಲ್ಲಿಗೆ ಹೋಗಬೇಕು ಅಂತ ಕಂಪ್ಯೂಟರಿಗೆ ತುಂಬಬೇಕಂತೆ. ಒಂದು ಅಂಕಿ ತಪ್ಪಿದರೂ, ಒಂದೊಂದು ಸಲ ಅದು ತಕರಾರೆತ್ತದೆ ತಪ್ಪು ದಾರಿಯನ್ನೇ ಬಲು ಅಚ್ಚುಕಟ್ಟಾಗಿ ಹಿಡಿದು ಹೋಗುತ್ತದಂತೆ. ಅಲ್ಲಾ, ಇದೂ ಲಗ್ನಪತ್ರಿಕೆಯೇ ಆಯಿತಲ್ಲ! ಹಿಂದೆ ಬೆಲ್ಟು ಕಟ್ಟಿಕೊಂಡು ನಿದ್ದೆ ಹೊಡೆಯುವವರೆಲ್ಲ ಯಾರದೋ ಅಕ್ಷರ ನಂಬಿ ಹತ್ತಿದವರೇ. ಹರಿಹರದಿಂದಾದರೆ ಬಸ್ ಹಿಡಿದು ವಾಪಸ್ ಬರಬಹುದು. ಮೋಡದೊಳಗೆ ಬೆಟ್ಟ ಎದುರಾದರೆ ಎಲ್ಲಿ ಇಳಿಯುತ್ತೀರಿ?

ಹೋದ ತಿಂಗಳು ಒಬ್ಬ ಕ್ಯಾಪ್ಟನ್ ತಾವೇ ಎಲ್ಲ ತುಂಬಿ, ‘ನಾನೇ ನೋಡಿದ್ದೇನೆ, ನಡಿ’ ಅಂದರಂತೆ. ‘ನಾನು ಓದ್ತೀನಿ ಸರ್, ನೀವು ಹೂಂ ಅನ್ನಿ’ ಅಂದಳಂತೆ ಇವಳು. ಅವರು ಕೆಂಡವಾದರು. ಇವಳು ಜಗ್ಗಲಿಲ್ಲ, ಕೊನೆಯ ಗುರುತಿನವರೆಗೂ ಓದಿದಳು. ಒಂದೇ ಒಂದು ತಪ್ಪೂ ಸಿಗಲಿಲ್ಲ! ವಿಮಾನ ಹನ್ನೆರಡು ನಿಮಿಷ ತಡವಾಯಿತು. ಹಿರಿಯರಿಗೆ ಅಗೌರವ, ವಿನಾಕಾರಣ ವಿಳಂಬ ಅಂತ ನೋಟಿಸು ಬಂತು. ಉತ್ತರ ಒಪ್ಪಿಗೆಯಾಗದಿದ್ದರೆ ಅವಳನ್ನು ಹಾರಾಟದಿಂದಲೇ ಇಳಿಸುತ್ತಾರಂತೆ.

‘ತಪ್ಪೇ ಸಿಗ್ಲಿಲ್ಲ ಅಂದ್ಮ್ಯಾಲೆ ಸಾರಿ ಸರ್ ಅಂದುಬಿಟ್ರೆ ಗಂಟೇನ್ ಹೋಗ್ತೈತಿ’ ಅಂದಳು ನನ್ನ ಹೆಂಡತಿ ಗಿರಿಜಾ. ನನಗೆ ಸಿಟ್ಟು ನೆತ್ತಿಗೇರಿತು. ಹರಿಹರದ ತಪ್ಪಾದಾಗಿನಿಂದ ಎಷ್ಟು ಕಾರ್ಡು ಓದಿದ್ದೇವೆ, ಮುಕ್ಕಾಲುಪಾಲಿನಲ್ಲಿ ಏನೂ ಸಿಕ್ಕಿಲ್ಲ. ಹಾಗಂತ ಅಷ್ಟೂ ಓದು ದಂಡವೇನು? ತಪ್ಪಿಲ್ಲ ಅಂತ ಗೊತ್ತಾಗಿದ್ದೇ ಓದಿದ ಮೇಲಲ್ಲವಾ? ‘ನಾನೇ ನೋಡಿದ್ದೇನೆ’ ಎಂಬ ಮಾತಿನ ಬೆಲೆ ಎಷ್ಟು ಅಂತ ನನ್ನನ್ನು ಕೇಳಿ, ನಾನು ಹೇಳುತ್ತೇನೆ. ಅನುಭವಸ್ಥರಂತೆ! ನಾನೂ ಅನುಭವಸ್ಥನೇ ಇದ್ದೆ.

ಮೊನ್ನೆ ಶೈಲಾ ತನ್ನ ಉತ್ತರವನ್ನು ವಾಟ್ಸಾಪಿನಲ್ಲಿ ಕಳಿಸಿದಳು. ಬರೆದವಳು ಅವಳು, ಆದ್ದರಿಂದ ಇನ್ನೊಬ್ಬರು ಓದಬೇಕು. ಇಂಗ್ಲಿಷಿನಲ್ಲಿತ್ತು, ಕಾರ್ಡುಗಳ ದಯೆಯಿಂದ ನನಗೂ ಅಷ್ಟೋ ಇಷ್ಟೋ ಬರುತ್ತದೆ. ಪ್ರಿಂಟು ತೆಗೆದು, ಕೆಂಪು ಪೆನ್ನು ಹಿಡಿದು, ಫೋನಿನಲ್ಲಿ ಗಟ್ಟಿಯಾಗಿ ಓದಿದೆ. ಆ ಕಡೆಯಿಂದ ಅವಳದು ಸಾಲಿಗೊಂದು ‘ಹೂಂ’. ನಡೆದದ್ದೆಲ್ಲ ನಡೆದ ಹಾಗೇ ಇತ್ತು. ಕೊನೆಯ ಸಾಲಿಗೆ ಬಂದು ನಿಂತೆ. ನನ್ನಿಂದಾದ ತೊಂದರೆಗೆ ಕ್ಷಮೆ ಕೋರುತ್ತೇನೆ ಅಂತಿತ್ತು.

‘ಇಲ್ಲೊಂದು ತಪ್ಪೈತೆ’ ಅಂದೆ.

‘ಇರ್ಲಿ ಬಿಡಪ್ಪ, ಅಮ್ಮ ಹೇಳಿ ಸೇರಿಸಿದ್ದು.’

‘ಯಾರು ಸೇರ್ಸಿದ್ರೂ ತಪ್ಪು ತಪ್ಪೇ. ಕೆಲ್ಸ ಹೋದ್ರೆ ಹೋಗ್ಲಿ, ಪ್ರೆಸ್ಸಿನ್ಯಾಗ ನಿನ್ನ ಕುರ್ಚಿ ಹಂಗೇ ಐತೆ.’ ಬಾಯಲ್ಲಿ ಹೇಳಿಬಿಟ್ಟೆ, ಆ ಕೆಲಸ ಹೋಗುವುದು ನನಗೂ ಬೇಕಿರಲಿಲ್ಲ, ಸುಳ್ಳೇಕೆ.

ಆ ಸಾಲಿನ ಮೇಲೆ ಕೆಂಪು ಪೆನ್ನಿಟ್ಟು ಕಾದೆ. ಅವಳು ಒಪ್ಪದೆ ಗೀಟು ಎಳೆಯುವ ಹಾಗಿಲ್ಲ, ಕಟ್ಟಳೆ ಅಂದರೆ ನನಗೂ ಕಟ್ಟಳೆಯೇ.

‘ಹೂಂ’ ಅಂದಳು ಶೈಲಾ.